ದುಂಡಕ್ಷರದ ದಪ್ಪ: ಮೂರು ಊರುಗಳ ಹೆಸರಿನಲ್ಲಿ ‘ಬಾಲೂ ತಮ್ಮ’

ಏಕ್ ಟೈಪ್ ಸಂಸ್ಥೆಯು 2010ರ ದಶಕದಲ್ಲಿ ಮುಕ್ತ ಪರವಾನಗಿಯಡಿ ಹೊರತಂದ ‘ಬಾಲೂ’ ಅಕ್ಷರಮಾಲೆಯ ಕನ್ನಡ ರೂಪಕ್ಕೆ ‘ತಮ್ಮ’ ಎಂಬ ಹೆಸರಿದೆ. ತಮಿಳಿನದು ‘ತಂಬಿ’, ತೆಲುಗಿನದು ‘ತಮ್ಮುಡು’, ಮಲಯಾಳದ್ದು ‘ಚೇಟ್ಟನ್’. ಮಲಯಾಳಕ್ಕೆ ಅಣ್ಣನ ಪಟ್ಟ ಕಟ್ಟಿ ಕನ್ನಡವನ್ನು ಕಿರಿಯನಾಗಿಸಿದ್ದು ಬಂಧುವಾಚಕಗಳ ಅಭ್ಯಾಸಿಗಳಿಗೆ ಕುತೂಹಲಕರ. ದಪ್ಪ ಗೆರೆ, ದುಂಡಾದ ತುದಿಗಳುಳ್ಳ ಈ ಅಕ್ಷರವು ಶೀರ್ಷಿಕೆ, ಫಲಕ, ಭಿತ್ತಿಪತ್ರಗಳಿಗೆಂದೇ ರೂಪುಗೊಂಡುದು.

ರೋಮನ್ ಲಿಪಿಯಲ್ಲಿ ಅಕ್ಷರದ ತುದಿಯ ಅಡ್ಡಗೆರೆಗಳನ್ನು ತೆಗೆದು, ಮೂಲೆಗಳನ್ನು ದುಂಡಾಗಿಸುವುದು ವಿನ್ಯಾಸಕಾರನ ಆಯ್ಕೆ. ಕನ್ನಡದಲ್ಲಿ ದುಂಡುತನವು ಅಲಂಕಾರವಲ್ಲ, ಲಿಪಿಯ ಅಸ್ಥಿಪಂಜರವೇ ಅದು. ಕೆಳದಿಯ ವಸ್ತುಸಂಗ್ರಹಾಲಯದ ತಾಳೆಗರಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಲೆಕಟ್ಟನ್ನು ಅಡ್ಡಗೆರೆಯೆಂದು ಭಾವಿಸಿ ಕಿತ್ತುಹಾಕುವಂತೆಯೂ ಇಲ್ಲ. ಆದ್ದರಿಂದ ಕನ್ನಡದಲ್ಲಿ ಇಂಥ ಅಕ್ಷರದ ನಿಜವಾದ ಪರೀಕ್ಷೆ ನಡೆಯುವುದು ದಪ್ಪದಲ್ಲಿ.

ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲ್ಲೂಕು ಕೇಂದ್ರಗಳ ಹೆಸರುಗಳನ್ನೇ ತೆಗೆದುಕೊಳ್ಳಬಹುದು. ‘ಸಾಗರ’ದಲ್ಲಿ ಒತ್ತಕ್ಷರವಿಲ್ಲ, ಎಷ್ಟು ದಪ್ಪವಾದರೂ ಕಣ್ಣಿಗೆ ತೊಡಕಿಲ್ಲ. ‘ಹೊಸನಗರ’ವೂ ಹೆಚ್ಚುಕಡಿಮೆ ಹಾಗೆಯೇ. ‘ತೀರ್ಥಹಳ್ಳಿ’ಯಲ್ಲಿ ಕಷ್ಟಗಳೆಲ್ಲ ಒಟ್ಟಿಗೆ ಎದುರಾಗುತ್ತವೆ: ಗುಡಿಸು, ದೀರ್ಘ, ಅರ್ಕಾವೊತ್ತು, ಕೊನೆಗೆ ಗುಡಿಸನ್ನು ಹೊತ್ತ ಳಕಾರದ ಕೆಳಗೆ ಇನ್ನೊಂದು ಳಕಾರ. ಥಕಾರದ ಒಡಲೊಳಗಿನ ಚುಕ್ಕೆಗೆ ಸುತ್ತಲೂ ಬಿಳುಪು ಬೇಕು. ಗೆರೆ ಉಬ್ಬಿದಷ್ಟೂ ಆ ಬಿಳುಪು ಕುಗ್ಗುತ್ತದೆ. ಚುಕ್ಕೆ ಮುಚ್ಚಿಹೋದರೆ ಥಕಾರವು ಧಕಾರವಾಗಿ ಕಾಣುತ್ತದೆ. ಊರಿನ ಹೆಸರೇ ಕೆಡುತ್ತದೆ.

ಫಲಕ ಬರೆಯುವ ಕಲಾವಿದನು ಈ ಸಮಸ್ಯೆಯನ್ನು ಕುಂಚದಲ್ಲೇ ಬಗೆಹರಿಸಿಕೊಳ್ಳುತ್ತಾನೆ. ಒತ್ತನ್ನು ತೆಳುವಾಗಿಸುತ್ತಾನೆ, ಇಲ್ಲವೇ ಪಕ್ಕಕ್ಕೆ ಜಾರಿಸುತ್ತಾನೆ. ಅದೇ ಅಕ್ಷರವನ್ನು ಮರುಸಾಲಿನಲ್ಲಿ ಬೇರೆಯಾಗಿ ಬರೆಯಲೂಬಲ್ಲ. ಗಣಕದ ಅಕ್ಷರಕ್ಕೆ ಈ ಸ್ವಾತಂತ್ರ್ಯವಿಲ್ಲ. ಅದರ ತೀರ್ಮಾನಗಳೆಲ್ಲ ಮೊದಲೇ ಆಗಿರಬೇಕು. ಯಕ್ಷಗಾನದ ಕರಪತ್ರದಲ್ಲಿ ಪ್ರಸಂಗದ ಹೆಸರಿಗೆ ‘ತಮ್ಮ’ ಸೊಗಸಾಗಿ ಒಪ್ಪೀತು. ಭಾಗವತರು, ಮದ್ದಳೆಗಾರರು, ವೇಷಧಾರಿಗಳ ಪಟ್ಟಿಗೂ ಅದನ್ನೇ ಬಳಸಿ, ಜಾಗ ಸಾಲದೆಂದು ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆ ದೋಷ ಅಕ್ಷರದ್ದಲ್ಲ, ಪುಟ ಕಟ್ಟಿದವರದು.

ಜಾನಪದ ಉತ್ಸವದ ಭಿತ್ತಿಪತ್ರವೆಂದೊಡನೆ ದುಂಡುದುಂಡಾದ, ಮುದ್ದಾದ ಅಕ್ಷರವನ್ನೇ ಹುಡುಕುವ ರೂಢಿಯನ್ನಂತೂ ಒಪ್ಪಲಾಗದು. ಇದೇ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಬರೆಯುವ ಹಸೆಚಿತ್ತಾರವು ನೇರವಾದ ಎಳೆಗಳ, ಕಟ್ಟುನಿಟ್ಟಾದ ಲೆಕ್ಕಾಚಾರದ ಕಲೆ. ಅದರ ಪಕ್ಕದಲ್ಲಿ ಅತಿ ದಪ್ಪದ ಅಕ್ಷರವನ್ನು ನಿಲ್ಲಿಸಿದರೆ ಕಣ್ಣು ಅಕ್ಷರದಲ್ಲೇ ನಿಲ್ಲುತ್ತದೆ, ಚಿತ್ತಾರ ಹಿನ್ನೆಲೆಗೆ ಸರಿಯುತ್ತದೆ. ಮೊದಲ ‘ಬಾಲೂ’ವಿಗೆ ಒಂದೇ ದಪ್ಪವಿತ್ತು. ಅನಂತರದ ‘ಬಾಲೂ 2’ರಲ್ಲಿ ಸಾಧಾರಣದಿಂದ ಅತಿ ದಪ್ಪದವರೆಗೆ ಐದು ಹಂತಗಳಿವೆ. ಚಿತ್ತಾರದ ಜೊತೆಗೆ, ‘ತೀರ್ಥಹಳ್ಳಿ’ಯಂಥ ಹೆಸರಿಗೆ, ಅವುಗಳಲ್ಲಿ ನಡುವಿನ ಹಂತವೇ ಸಾಕು.