ಒತ್ತು ಊದುವವರು

ನಮ್ಮೂರಿನ ಮದುವೆಗಳಲ್ಲಿ ಓಲಗದವರು ಕೂರುತ್ತಿದ್ದ ಮೂಲೆಯೇ ನನ್ನ ಮೊದಲ ಸಂಗೀತ ಶಾಲೆ. ನಾಗಸ್ವರದವರ ಉಬ್ಬಿದ ಕೆನ್ನೆಯನ್ನೂ ಡೋಲಿನವರ ಕುಣಿಯುವ ಬೆರಳುಗಳನ್ನೂ ನೋಡುತ್ತ ಊಟದ ಪಂಕ್ತಿಯನ್ನೇ ತಪ್ಪಿಸಿಕೊಂಡವಳು ನಾನು. ಅವರ ಪಕ್ಕದಲ್ಲಿ ಒತ್ತು ಹಿಡಿದ ಹುಡುಗನೊಬ್ಬ ಇರುತ್ತಿದ್ದ. ಗಂಟೆಗಟ್ಟಲೆ ಒಂದೇ ಸ್ವರ ಊದುವುದು ಅವನ ಕೆಲಸ. ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ಮುಂದೆ ಶ್ರುತಿಪೆಟ್ಟಿಗೆ ಬಂತು, ಆ ಹುಡುಗನ ಜಾಗ ಖಾಲಿಯಾಯಿತು. ಖಾಲಿಯಾದದ್ದೂ ಯಾರ ಗಮನಕ್ಕೆ ಬರಲಿಲ್ಲ. ನನಗೂ ಬರಲಿಲ್ಲ.

ಆ ಹುಡುಗ ನೆನಪಾದದ್ದು ಎಲ್ಲೋ ದೂರದ ಅಮೆರಿಕದಲ್ಲಿ, ಮಗಳ ಮನೆಗೆ ಹೋಗಿದ್ದಾಗ. ಮೊಮ್ಮಗಳು ಅಲ್ಲಿಯ ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದಳು. ಆ ವರ್ಷ ಮೇಷ್ಟ್ರು ಬೀರುವಿನಿಂದ ಹಳೆಯ ಆಲ್ಟೊ ಕ್ಲಾರಿನೆಟ್ ಒಂದನ್ನು ತೆಗೆದು ಅವಳ ಕೈಗೆ ಕೊಟ್ಟಿದ್ದರು. ಅದು ಮಾಮೂಲಿ ಕ್ಲಾರಿನೆಟ್ಟಿಗಿಂತ ಉದ್ದ. ಊದುವ ತುದಿಯಲ್ಲಿ ಬಾಗಿದ ಲೋಹದ ಕೊರಳು, ಬುಡದಲ್ಲಿ ಮೇಲಕ್ಕೆ ತಿರುಗಿದ ಲೋಹದ ಬಾಯಿ. ನೋಡಲು ಸ್ಯಾಕ್ಸೊಫೋನಿನ ದೂರದ ನೆಂಟನಂತಿತ್ತು. ಬೆರಳಿಡುವ ಕ್ರಮ ಮಾಮೂಲಿ ಕ್ಲಾರಿನೆಟ್ಟಿನದೇ. ದನಿ ಮಾತ್ರ ಷಡ್ಜದಿಂದ ಪಂಚಮಕ್ಕೆ ಎಷ್ಟು ದೂರವೋ ಅಷ್ಟು ಕೆಳಗೆ.

ಕ್ಲಾರಿನೆಟ್ ನಮಗೇನು ಹೊಸದಲ್ಲ. ಎ.ಕೆ.ಸಿ. ನಟರಾಜನ್ ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ನಮ್ಮ ರಾಯಚೂರು ಸೀಮೆಯ ನರಸಿಂಹಲು ವಡವಾಟಿಯವರು ಹಿಂದೂಸ್ತಾನಿ ನುಡಿಸಿದರು. ಇಬ್ಬರ ಕೈಯಲ್ಲೂ ಅದು ಮುಂದೆ ಕೂತು ಹಾಡುವ ವಾದ್ಯ. ಮೊಮ್ಮಗಳಿಗೆ ಸಿಕ್ಕಿದ್ದಾದರೋ ಮಧ್ಯದಲ್ಲಿ ಕೂತು ಉಳಿದವರನ್ನು ಹೊಂದಿಸುವ ವಾದ್ಯ.

"ಅಜ್ಜಿ, ನಾನು ಊದದೇ ಇದ್ದರೂ ಯಾರಿಗೂ ಗೊತ್ತಾಗಲ್ಲ" ಎಂದಳು ಒಂದು ಸಂಜೆ. ಅವಳ ಅಮ್ಮ ಅಡುಗೆಮನೆಯಿಂದಲೇ "ಹಾಗೇನಿಲ್ಲ ಕಣೇ, ನಿನ್ನಿಂದಲೇ ಬ್ಯಾಂಡು ಚೆಂದ" ಎಂದಳು. ಹುಡುಗಿ ಮುಖ ತಿರುಗಿಸಿಕೊಂಡಳು. ಸುಳ್ಳು ಸಮಾಧಾನ ಹನ್ನೆರಡು ವರ್ಷದ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

ಮಾರನೆಯ ವಾರ ಅವಳ ರಿಹರ್ಸಲ್ಲಿಗೆ ನಾನೂ ಹೋದೆ. ಎರಡು ಕೃತಿಗಳಿದ್ದವು: ಮೊದಲನೆಯದು ಗದ್ದಲದ ಕವಾಯತು ಸಂಗೀತ, ಎರಡನೆಯದು ನಿಧಾನದ್ದು. ಶುರುವಾಗುವ ಮೊದಲೇ ಅವಳ ವಾದ್ಯದ ರೀಡು ಸೀಳಿತು. ಹೊಸದನ್ನು ಹುಡುಕಲು ಅವಳು ಒಳಗೆ ಹೋದಳು. ಬ್ಯಾಂಡು ಅವಳಿಲ್ಲದೆ ಎರಡನ್ನೂ ನುಡಿಸಿತು. ಅವಳು ಬಂದ ಮೇಲೆ ಎರಡನ್ನೂ ಮತ್ತೆ ನುಡಿಸಿತು.

ಇಂಥ ಪರೀಕ್ಷೆ ಬೇಕೆಂದರೂ ಸಿಗುವುದಿಲ್ಲ. ನಮ್ಮದು ಒಂದೇ ಎಳೆ ಹಿಡಿದು ಹೋಗುವ ಕಿವಿ. ಹಾಡುವವರು ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುತ್ತದೆ. ಹಲವು ಸ್ವರಗಳು ಒಟ್ಟಿಗೆ ನಡೆಯುವ ಸಂಗೀತದಲ್ಲಿ ಅದನ್ನು ಬೇಕೆಂದೇ ನಡುವಿಗೆ ಇಳಿಸಬೇಕು. ಇಳಿಸಿದೆ. ಕವಾಯತಿನಲ್ಲಿ ಅವಳಿದ್ದರೂ ಇಲ್ಲದಿದ್ದರೂ ಒಂದೇ! ನಿಧಾನದ ಕೃತಿಯಲ್ಲಿ ಹಾಗಲ್ಲ. ಅವಳಿಲ್ಲದಾಗ ಮೇಲಿನ ಕ್ಲಾರಿನೆಟ್ಟುಗಳಿಗೂ ಕೆಳಗಿನ ಬಾಸ್ ಕ್ಲಾರಿನೆಟ್ಟಿಗೂ ನಡುವೆ ಹಲ್ಲು ಬಿದ್ದಂಥ ಸಂದು ಇತ್ತು. ಅವಳು ಬಂದಾಗ ಅದು ಮುಚ್ಚಿತು.

ಹಾಗಾದರೆ ತಪ್ಪು ವಾದ್ಯದ್ದಲ್ಲ, ಬರೆದವರದ್ದು. ಬ್ಯಾಂಡಿನ ಎಷ್ಟೋ ಕೃತಿಗಳಲ್ಲಿ ಸ್ಯಾಕ್ಸೊಫೋನೋ ಹಾರ್ನೋ ಊದುವ ಸ್ವರಗಳನ್ನೇ ಆಲ್ಟೊ ಕ್ಲಾರಿನೆಟ್ಟಿಗೂ ಕೊಟ್ಟಿರುತ್ತಾರೆ. ಎಲ್ಲ ಬ್ಯಾಂಡುಗಳಲ್ಲೂ ಈ ವಾದ್ಯ ಇರುವುದಿಲ್ಲವಲ್ಲ, ಅದಕ್ಕೇ ಸ್ವಂತದ್ದೇನನ್ನೂ ಕೊಡುವುದಿಲ್ಲ. ಸ್ವಂತದ್ದೇನೂ ಇಲ್ಲವೆಂದು ಬ್ಯಾಂಡಿನವರು ಅದನ್ನು ಇಟ್ಟುಕೊಳ್ಳುವುದಿಲ್ಲ. ಸೊಸೆಗೆ ಅಡುಗೆ ಬರುವುದಿಲ್ಲವೆಂದು ಒಲೆಯ ಹತ್ತಿರ ಬಿಡದೆ, ಬಿಡದ್ದರಿಂದಲೇ ಅವಳಿಗೆ ಅಡುಗೆ ಬಾರದೆ ಉಳಿಯುವ ಮನೆಗಳನ್ನು ನಾವು ನೋಡಿಲ್ಲವೇ? ಇದೂ ಹಾಗೆಯೇ. ಪರ್ಸಿ ಗ್ರೇಂಜರ್ 1937ರ 'ಲಿಂಕನ್‌ಶೈರ್ ಪೋಸಿ'ಯಲ್ಲಿ, ಹಿಂಡೆಮಿಟ್ 1951ರ ಬ್ಯಾಂಡ್ ಸಿಂಫನಿಯಲ್ಲಿ ಈ ವಾದ್ಯಕ್ಕೂ ಎಲೆ ಹಾಕಿದ್ದಾರೆ. ಆದರೂ ಪಂಕ್ತಿಯಲ್ಲಿ ಅದರ ಜಾಗ ಇವತ್ತಿಗೂ ಗಟ್ಟಿಯಿಲ್ಲ.

ಒಳ್ಳೆಯ ಕೈ ಬರೆದರೆ ನಡುದನಿ ಏನು ಮಾಡಬಲ್ಲದೆಂದು ತಿಳಿಯಲು ಮೊಜಾರ್ಟನ ಬಳಿಗೆ ಹೋಗಬೇಕು. ಆಲ್ಟೊ ಕ್ಲಾರಿನೆಟ್ಟಿನ ಹತ್ತಿರದ ಬಂಧು ಬ್ಯಾಸೆಟ್ ಹಾರ್ನ್. ಅದರ ಶ್ರುತಿ ಒಂದು ಸ್ವರ ಮೇಲೆ. ಹದಿಮೂರು ಜನ ನುಡಿಸುವ ಮೊಜಾರ್ಟನ 'ಗ್ರಾನ್ ಪಾರ್ಟಿಟಾ'ದಲ್ಲಿ ಅಂಥವು ಎರಡಿವೆ. ಅದರ ಮೂರನೆಯ ಭಾಗವನ್ನು ಕೇಳಿ ನೋಡಿ. ಓಬೋ ಹಾಡುತ್ತದೆ, ಕ್ಲಾರಿನೆಟ್ ಅದರ ಕೈಯಿಂದ ಎತ್ತಿಕೊಳ್ಳುತ್ತದೆ, ಬ್ಯಾಸೆಟ್ ಹಾರ್ನಿನ ಸರದಿಯೂ ಬರುತ್ತದೆ. ಮೂವರೂ ಒಂದೇ ಮಗುವನ್ನು ಎತ್ತಿ ಆಡಿಸಿದಂತೆ. 1791ರಲ್ಲಿ ಸಾಯುವ ಕಾಲಕ್ಕೆ ಅವನು ಬರೆಯುತ್ತಿದ್ದ 'ರೆಕ್ವಿಯಮ್'ನಲ್ಲಿಯೂ ಕ್ಲಾರಿನೆಟ್ಟಿಲ್ಲ, ಎರಡು ಬ್ಯಾಸೆಟ್ ಹಾರ್ನುಗಳಿವೆ. ಆ ದುಃಖಕ್ಕೆ ಅವನಿಗೆ ಬೇಕಾದದ್ದು ಈ ಮಂಕು ದನಿ.

ಇನ್ನೊಂದು ಕತೆ ನಮ್ಮಂಥ ಒಲೆ ಮುಂದಿನವರಿಗೆ ಇಷ್ಟವಾದೀತು. 1832ರಲ್ಲಿ ಬರ್ಲಿನ್ನಿನಲ್ಲಿ ಮೆಂಡೆಲ್‌ಸನ್‌ನ ಮನೆಗೆ ಬೇರ್ಮನ್ ಎಂಬ ತಂದೆ ಮಗ ಬಂದರಂತೆ. ತಂದೆಯದು ಕ್ಲಾರಿನೆಟ್, ಮಗನದು ಬ್ಯಾಸೆಟ್ ಹಾರ್ನ್. ಅವರಿಬ್ಬರೂ ಆವಿಯಲ್ಲಿ ಬೆಂದ ಕಡುಬನ್ನೂ ಕೆನೆಯ ಸಿಹಿ ಸುರುಳಿಯನ್ನೂ ಮಾಡುತ್ತಿದ್ದಾಗ ಮೆಂಡೆಲ್‌ಸನ್ ಅವರಿಗಾಗಿ ಯುಗಳ ಕೃತಿಯೊಂದನ್ನು ಬರೆದ. ಕಡುಬಿಗೆ ಸಂಗೀತದ ವಿನಿಮಯ! ಅದರಲ್ಲಿ ನಡುದನಿ ಸೇವಕನಲ್ಲ, ಜೊತೆಗಾರ.

ಮನೆಗೆ ಬರುವಾಗ ಕಾರಿನಲ್ಲಿ ಮೊಮ್ಮಗಳು ಕೇಳಿದಳು: "ಅಜ್ಜಿ, ನಿಜ ಹೇಳು. ನಾನು ಕೇಳಿಸಿದೆನಾ?"

"ಮೊದಲನೆಯದರಲ್ಲಿ ಇಲ್ಲ, ಪುಟ್ಟಿ. ನೀನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎರಡನೆಯದರಲ್ಲಿ ಕೇಳಿಸಿದೆ."

ಮುಂದಿನ ಸೀಟಿನಿಂದ ಮಗಳು ನನ್ನನ್ನು ತಿರುಗಿ ನೋಡಿದಳು. ಮಗುವಿಗೆ ಹೀಗೆ ಹೇಳುವುದೇ ಎಂಬ ನೋಟ. ಆದರೆ ಹುಡುಗಿ ಅಳಲಿಲ್ಲ.

"ಎರಡನೆಯದರಲ್ಲಿ ಎಲ್ಲಿ ಕೇಳಿಸಿದೆ? ಹಾಡಿ ತೋರಿಸು."

ನೆನಪಿದ್ದಷ್ಟನ್ನು ಗುನುಗಿದೆ. ನಾಲ್ಕೈದು ಉದ್ದ ಸ್ವರಗಳು, ಅಷ್ಟೆ. ಅವಳು ಕಿವಿಗೊಟ್ಟು ಕೇಳಿದಳು.

"ಹೂಂ, ಅದು ನಾನೇ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಕೊನೆಯ ಸ್ವರ ತಪ್ಪು ಹಾಡಿದೆ ಅಜ್ಜಿ, ಅದು ಇನ್ನೂ ಕೆಳಗೆ ಹೋಗಬೇಕು" ಎಂದು ತಾನೇ ಹಾಡಿ ತಿದ್ದಿದಳು.