ಕೋಡ್ ಅಗ್ಗವಾದರೆ ಕಂಪನಿ ಸುಲಭವೇ?

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕಾಲೇಜು ಸಮಾರಂಭಗಳಲ್ಲಿ, ಸರ್ಕಾರಿ ವೇದಿಕೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳುತ್ತಿದೆ: ಇನ್ನು ಸಾಫ್ಟ್‌ವೇರ್ ಕಂಪನಿ ಯಾರು ಬೇಕಾದರೂ ತೆರೆಯಬಹುದು, ಲ್ಯಾಪ್‌ಟಾಪ್ ಒಂದಿದ್ದರೆ ಕಡೂರು ತಾಲ್ಲೂಕಿನ ಹಿರೇನಲ್ಲೂರಿನಲ್ಲಿ ಕೂತವನೂ ಬೆಂಗಳೂರಿನ ಕೋರಮಂಗಲದಲ್ಲಿ ಕೂತವನೂ ಒಂದೇ. ಇದಕ್ಕೆ ಎದುರು ಮಾತೂ ಉಂಟು. ಕೋಡನ್ನು ಎಐಯೇ ಬರೆಯುವಾಗ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವವರು ಯಾರು, ಆ ದಂಧೆ ಮುಗಿದ ಹಾಗೇ ಎಂದು. ಒಬ್ಬರು ಹುರಿದುಂಬಿಸುತ್ತಾರೆ, ಇನ್ನೊಬ್ಬರು ಹೆದರಿಸುತ್ತಾರೆ. ಆದರೆ ಇಬ್ಬರೂ ನಂಬಿರುವುದು ಒಂದನ್ನೇ: ಸಾಫ್ಟ್‌ವೇರ್ ಕಂಪನಿ ಮಾರುವುದು ಕೋಡನ್ನು ಎಂದು. ಆ ನಂಬಿಕೆಯೇ ತಪ್ಪು.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯನ್ನೇ ನೋಡಿ. ಶ್ಯಾಮಸುಂದರ್ ಗೋಯೆಂಕಾ ಕಾರ್ಖಾನೆಗಳಿಗೆ ಕಚ್ಚಾವಸ್ತು, ಯಂತ್ರದ ಬಿಡಿಭಾಗ ಒದಗಿಸುವ ವ್ಯಾಪಾರಿ. ತಮ್ಮ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಅವರ ಕೈಯಲ್ಲಿ ಬರೆಸಿದರು. 1986ರಲ್ಲಿ ಶುರುವಾದ ಬೆಂಗಳೂರಿನ ಆ ಕಂಪನಿಯ ಸಾಫ್ಟ್‌ವೇರ್ ಇವತ್ತಿಗೂ ಅಂಗಡಿ ಅಂಗಡಿಯಲ್ಲಿದೆ. ಲೆಕ್ಕ ಬರೆಯುವ ಕೆಲಸ ಕೇಳಿಕೊಂಡು ಹೋದವರಿಗೆ ‘ಟ್ಯಾಲಿ ಬರುತ್ತಾ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಅದು ಉಳಿದದ್ದು ಕೋಡಿನ ಜಾಣ್ಮೆಯೊಂದರಿಂದಲೇ ಅಲ್ಲ. ಗುಮಾಸ್ತರ ಕೈಗೆ ಅದು ಒಗ್ಗಿತ್ತು, ಆಡಿಟರ್ ಒಪ್ಪುತ್ತಿದ್ದರು, 2017ರಲ್ಲಿ ಜಿಎಸ್‌ಟಿ ಬಂದಾಗ ಅದಕ್ಕೆ ತಕ್ಕ ಆವೃತ್ತಿಯೂ ಬಂತು. ವ್ಯಾಪಾರಿ ದುಡ್ಡು ಕೊಡುವುದು ಈ ನೆಮ್ಮದಿಗೆ.

ಈಗ ಹಿರೇನಲ್ಲೂರಿನ ಎಂಜಿನಿಯರ್ ಹುಡುಗಿಯೊಬ್ಬಳು ಅಡಿಕೆ ವ್ಯಾಪಾರಕ್ಕೊಂದು ಆ್ಯಪ್ ಮಾಡಹೊರಟಳು ಎನ್ನೋಣ. ಎಐಗೆ ಹೇಳಿದರೆ ಸಂಜೆಯೊಳಗೆ ಅಂದವಾದ ಬಿಲ್ಲಿಂಗ್ ಆ್ಯಪ್ ಎದ್ದು ನಿಲ್ಲುತ್ತದೆ: ತೂಕ, ದರ, ಮೊತ್ತ, ರಸೀದಿ. ಆದರೆ ಚೇಣಿ, ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ವ್ಯಾಪಾರ, ನಡೆಯುವುದೇ ಬೇರೆ ರೀತಿ. ಚೇಣಿದಾರ ಹಸಿ ಅಡಿಕೆ ಕೊಯ್ಯಿಸಿ, ಸುಲಿಸಿ, ಬೇಯಿಸಿ, ಒಣಗಿಸುತ್ತಾನೆ. ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ಕೆಜಿ ಒಣ ಅಡಿಕೆ ಎಂದು ಮೊದಲೇ ಮಾತಾಗಿರುವುದುಂಟು, ಹೆಚ್ಚುಕಡಿಮೆ 12–13 ಕೆಜಿ. ದರ ಮಾತ್ರ ಆಗಲೇ ಗೊತ್ತಾಗಿರಬೇಕೆಂದಿಲ್ಲ. ರೈತ ಮಾರುಕಟ್ಟೆ ನೋಡಿಕೊಂಡು ಆಮೇಲೆ ದರ ಗೊತ್ತುಮಾಡಬಹುದು. ಅಷ್ಟರಲ್ಲಿ ಮಗಳ ಮದುವೆಗೋ ಬೋರ್‌ವೆಲ್‌ಗೋ ಮುಂಗಡ ತೆಗೆದಿರುತ್ತಾನೆ. ಆ ಮುಂಗಡಕ್ಕೆ ಬಡ್ಡಿ ಯಾವ ದಿನದಿಂದ? ಮಳೆ ಹಿಡಿದು ಅಡಿಕೆಗೆ ಬೂಷ್ಟು ಬಂದರೆ ನಷ್ಟ ಯಾರ ಪಾಲಿಗೆ? ಇದು ಯಾವ ಕೈಪಿಡಿಯಲ್ಲೂ ಇಲ್ಲ, ಮನೆಯಿಂದ ಮನೆಗೆ ಬದಲಾಗುತ್ತದೆ. ಕೇಳದೆ ಹೋದರೆ ಎಐ ತಾನೇ ಒಂದು ನಿಯಮ ಹೊಸೆದು ಲೆಕ್ಕ ಹಾಕಿಬಿಡುತ್ತದೆ. ಎರಡು ಕೆಜಿ ಹೆಚ್ಚುಕಡಿಮೆಯಾದರೂ ಜಗಳ ಅವಳ ಮನೆಬಾಗಿಲಿಗೆ ಬರುತ್ತದೆಯೇ ಹೊರತು ಕ್ಯಾಲಿಫೋರ್ನಿಯಾದ ಎಐ ಕಂಪನಿಗೆ ಹೋಗುವುದಿಲ್ಲ.

ಖರ್ಚಿನ ಲೆಕ್ಕವೂ ಬದಲಾಗಿದೆ, ಇದನ್ನು ಹುರಿದುಂಬಿಸುವವರು ಹೇಳುವುದಿಲ್ಲ. ಹಿಂದೆ ಒಮ್ಮೆ ಬರೆದ ಸಾಫ್ಟ್‌ವೇರಿನ ಎರಡನೆಯ ಪ್ರತಿಗೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆ ಉದ್ಯಮದ ಲಾಭದ ಗುಟ್ಟೇ ಅದು. ಬೇರೆಯವರ ಎಐ ಮಾದರಿಯನ್ನು ಬಾಡಿಗೆಗೆ ಹಿಡಿದು ಕಟ್ಟಿದ ಆ್ಯಪ್‌ನಲ್ಲಿ ಗ್ರಾಹಕ ಕೇಳುವ ಪ್ರತಿ ಪ್ರಶ್ನೆಗೂ ಮೀಟರ್ ಓಡುತ್ತದೆ. ಈ ಮೀಟರ್ ಅಳೆಯುವುದು ಟೋಕನ್‌ಗಳಲ್ಲಿ, ಅಂದರೆ ಪಠ್ಯದ ಚೂರುಗಳಲ್ಲಿ. ಇಂಗ್ಲಿಷಿನ ಮಾತಿಗಿಂತ ಅದೇ ಅರ್ಥದ ಕನ್ನಡದ ಮಾತು ಸಾಮಾನ್ಯವಾಗಿ ಹೆಚ್ಚು ಚೂರಾಗುತ್ತದೆ, ಬಿಲ್ಲೂ ಏರುತ್ತದೆ. ಗ್ರಾಹಕ ಹೆಚ್ಚಿದಷ್ಟೂ ಖರ್ಚು ಹೆಚ್ಚುವ ಈ ವ್ಯಾಪಾರದಲ್ಲಿ ‘ಮೊದಲು ಪುಕ್ಕಟೆ ಕೊಡೋಣ, ದುಡ್ಡು ಆಮೇಲೆ ನೋಡೋಣ’ ಎನ್ನುವುದು ಹೂಡಿಕೆದಾರರ ಹಣ ಇರುವವರಿಗೆ ಸರಿ, ಅಪ್ಪನ ತೋಟದ ದುಡ್ಡಿನಲ್ಲಿ ಹೊರಟವರಿಗಲ್ಲ.

ಹಾಗೆಂದು ಎಐ ನಿರುಪಯೋಗಿ ಎಂದರೆ ಸುಳ್ಳಾಗುತ್ತದೆ. ನಾಲ್ಕು ಜನರ ತಂಡ ತಿಂಗಳುಗಟ್ಟಲೆ ಮಾಡುತ್ತಿದ್ದ ಮೊದಲ ಮಾದರಿಯನ್ನು ಈಗ ಒಬ್ಬರೇ ವಾರದಲ್ಲಿ ನಿಲ್ಲಿಸಬಹುದು. ತಪ್ಪಿದ್ದು ತಿಳಿದರೆ ಕೆಡವಿ ಮತ್ತೆ ಕಟ್ಟಬಹುದು. ಇದು ದೊಡ್ಡ ಉಪಕಾರವೇ. ಆದರೆ ಈ ಉಪಕಾರ ಹಿರೇನಲ್ಲೂರಿಗೆ ಸಿಕ್ಕ ದಿನವೇ ಕೋರಮಂಗಲಕ್ಕೂ ಹೈದರಾಬಾದಿಗೂ ಸಿಕ್ಕಿದೆ. ಎಲ್ಲರ ಕೈಯಲ್ಲೂ ಇರುವ ಸಲಕರಣೆ ಯಾರಿಗೂ ವಿಶೇಷ ಬಲ ಕೊಡುವುದಿಲ್ಲ.

ಹಿರೇನಲ್ಲೂರಿನವಳಿಗೆ ಇರುವ ಬಲ ಬೇರೆ. ಬೀರೂರಿನ ಮಂಡಿಯಲ್ಲಿ ಅವಳ ಅಪ್ಪನ ಖಾತೆ ಇರುತ್ತದೆ; ಚೇಣಿದಾರ ಯಾರು, ಮಾತಿಗೆ ತಪ್ಪದವ ಯಾರು ಎಂಬುದು ಮನೆಯಲ್ಲಿ ದಿನಾ ಆಡುವ ಮಾತು. ನಗರದ ಕಂಪನಿ ಇದನ್ನು ಸಮೀಕ್ಷೆ ಮಾಡಿಸಿ ತಿಳಿಯಬೇಕು, ತಿಳಿದರೂ ಅರ್ಧವೇ. ಹಾಗಾಗಿ ಅವಳು ಕೋರಮಂಗಲದವನಿಗೆ ಸಮ ಎನ್ನುವ ಹೊಗಳಿಕೆಗೆ ಮರುಳಾಗಬೇಕಿಲ್ಲ. ಆ್ಯಪ್ ಆಮೇಲಾಗಲಿ. ಮೊದಲು ಒಂದು ಸುಗ್ಗಿ ಪೂರ್ತಿ ಒಬ್ಬ ಚೇಣಿದಾರನ ಪಕ್ಕ ಕೂತು ಲೆಕ್ಕ ಬರೆಯಲಿ, ಆ ಕೆಲಸಕ್ಕೆ ಸಂಬಳ ಕೇಳಿ ಪಡೆಯಲಿ. ಅವನು ದುಡ್ಡು ಕೊಡಲು ಒಪ್ಪಿದ ತಲೆನೋವು ಯಾವುದೋ ಅದಕ್ಕಷ್ಟೇ ಸಾಫ್ಟ್‌ವೇರ್ ಮಾಡಲಿ. ಕೋಡನ್ನು ಬೇಕಾದರೆ ಎಐ ಬರೆಯಲಿ. ಸರ್ಕಾರಕ್ಕೂ ಇದೇ ಮಾತು: ತಾಲ್ಲೂಕಿನಲ್ಲಿ ಎಐ ಕಾರ್ಯಾಗಾರ ನಡೆಸಿ ಪ್ರಮಾಣಪತ್ರ ಹಂಚುವ ಬದಲು, ಅಂಥ ಒಂದು ಸುಗ್ಗಿಯ ಕಲಿಕೆಗೆ ಭತ್ಯೆ ಕೊಟ್ಟರೆ ಊರಲ್ಲಿ ಉಳಿಯುವ ಕಂಪನಿ ಒಂದಾದರೂ ಹುಟ್ಟೀತು.