ಒಂದೇ ಸ್ವರದ ಸಾಂಬಾ: ಪಿಯಾನೋ ವಾದಕನ ಮನೋಧರ್ಮವನ್ನು ಕುರಿತು ಒಂದು ವಿಚಾರ

ಕಾವ್ಯಕ್ಕೆ ವ್ಯಾಖ್ಯಾನವನ್ನು ಬರೆಯಹೊರಟವನು ಮೂಲವೇ ಮರೆಯಾಗುವಷ್ಟು ಮಾತನಾಡಿದರೆ ಅದು ದೋಷವೆಂಬುದನ್ನು ಎಲ್ಲರೂ ಬಲ್ಲರು. ಸಂಗೀತದಲ್ಲಿಯೂ ಇಂತಹ ಪ್ರಶ್ನೆಯೊಂದುಂಟು. ಬ್ರೆಜಿಲ್ ದೇಶದ ರಿಯೋ ದಿ ಜನೈರೋ ನಗರದಲ್ಲಿ 1950ರ ದಶಕದ ಕೊನೆಯಲ್ಲಿ ರೂಪುಗೊಂಡ ಬೊಸ್ಸಾ ನೋವಾ ಎಂಬ ಗಾನರೀತಿಯನ್ನು ಅಮೆರಿಕದ ಜಾಝ್ ವಾದಕರು, ವಿಶೇಷವಾಗಿ 1962ರಿಂದೀಚೆಗೆ, ತಮ್ಮ ಮನೋಧರ್ಮಕ್ಕೆ ಆಧಾರವಾಗಿ ಮಾಡಿಕೊಂಡರು. ಈ ಧಾಟಿಗಳ ಮೇಲೆ ಪಿಯಾನೋ ವಾದಕನು ಮಾಡುವ ವಿಸ್ತಾರವು ಯಾವಾಗ ವ್ಯಾಖ್ಯಾನವಾಗುವುದು, ಯಾವಾಗ ಬರಿಯ ವಾಚಾಳತೆಯಾಗುವುದು ಎಂಬುದನ್ನು ಒಂದು ಕೃತಿಯನ್ನು ಹಿಡಿದು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಆ ಕೃತಿ ಆಂತೋನಿಯೊ ಕಾರ್ಲೋಸ್ ಜೋಬಿಂ ಮತ್ತು ನ್ಯೂಟನ್ ಮೆಂಡೋನ್ಸಾ ಎಂಬವರು ರಚಿಸಿದ 'ಸಾಂಬಾ ದಿ ಉಮಾ ನೋತಾ ಸೋ', ಎಂದರೆ 'ಒಂದೇ ಸ್ವರದ ಸಾಂಬಾ'. ಜೋವಾನ್ ಜಿಲ್ಬೆರ್ಟೊ ಇದನ್ನು ಹಾಡಿದ ಧ್ವನಿಮುದ್ರಿಕೆ 1960ರಲ್ಲಿ ಹೊರಬಂದಿತು. ಇದರ ಮೊದಲ ಎಂಟು ಆವರ್ತಗಳಲ್ಲಿ ಗಾಯಕನಿಗೆ ದೊರೆಯುವುದು ಒಂದೇ ಸ್ವರ. ಮುಂದಿನ ನಾಲ್ಕರಲ್ಲಿ ಅದಕ್ಕಿಂತ ಮೇಲಿನ ಮತ್ತೊಂದು. ಆಮೇಲೆ ಮರಳಿ ಮೊದಲಿನದೇ. ಆದರೆ ಅದರ ಕೆಳಗೆ, ಕಾರ್ಡ್ ಎಂದು ಕರೆಯಲ್ಪಡುವ ಸ್ವರಮೇಳಗಳ ತಳಸ್ವರವು ಅರ್ಧಸ್ವರದ ಮೆಟ್ಟಿಲುಗಳಲ್ಲಿ ನಾಲ್ಕು ಸ್ಥಾನಗಳನ್ನು ಹಿಡಿದು ಇಳಿಯುತ್ತದೆ. ಆಯಾ ತಳಸ್ವರವನ್ನೇ ಷಡ್ಜವೆಂದು ಭಾವಿಸಿದರೆ, ಮೇಲಿನ ಆ ನಿಶ್ಚಲಸ್ವರವು ಕ್ರಮವಾಗಿ ಸಾಧಾರಣ ಗಾಂಧಾರ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪ್ರತಿ ಮಧ್ಯಮ ಎಂದು ನಾಲ್ಕು ಹೆಸರುಗಳನ್ನು ತಾಳುತ್ತದೆ. ನಮ್ಮಲ್ಲಿ ಶ್ರುತಿಯು ನಿಂತು ಸ್ವರವು ಚಲಿಸುವುದಷ್ಟೆ. ಇಲ್ಲಿ ಸ್ವರವು ನಿಂತಿದೆ, ನೆಲವು ಚಲಿಸುತ್ತಿದೆ. ಅಲುಗದೆ ನಿಂತವನ ಅರ್ಥವು ಕ್ಷಣಕ್ಷಣಕ್ಕೂ ಬೇರೆಯಾಗುವ ಈ ಚಮತ್ಕಾರವೇ ಕೃತಿಯ ಜೀವಾಳ.

ನಡುವಣ ಎಂಟು ಆವರ್ತಗಳಲ್ಲಿ ಮಾತ್ರ ಧಾಟಿಯು ಸ್ವರಶ್ರೇಣಿಗಳಲ್ಲಿ ಏರಿ ಇಳಿದು ಓಡುತ್ತದೆ. ಸಾಹಿತ್ಯದ ಅಭಿಪ್ರಾಯವನ್ನು ಇಲ್ಲಿ ಗಮನಿಸಬೇಕು. ಬಹಳ ಮಾತನಾಡಿ ಏನನ್ನೂ ಹೇಳದ ಜನರ ವಿಷಯವು ಬರುವುದು ಈ ಓಟದ ಭಾಗದಲ್ಲಿಯೇ. ಸಪ್ತಸ್ವರಗಳನ್ನೂ ಬಳಸಿನೋಡಿ ಫಲಕಾಣದೆ, ಪ್ರಿಯೆಯ ಬಳಿಗೆ ಮರಳುವಂತೆ ತನ್ನ ಒಂದು ಸ್ವರಕ್ಕೆ ಹಿಂದಿರುಗುವೆನೆಂಬುದು ನಾಯಕನ ನಿಶ್ಚಯ. ಎಂದಮೇಲೆ ವೇಗದ ಸ್ವರಪ್ರಸ್ತಾರಕ್ಕೆ ಕೃತಿಕಾರರೇ ಒಂದು ಸ್ಥಾನವನ್ನೂ ಒಂದು ಅರ್ಥವನ್ನೂ ಗೊತ್ತುಮಾಡಿದ್ದಾರೆ; ಆ ಅರ್ಥವು ಪರಿಹಾಸ. ಮೊದಲ ಭಾಗದ ಮೇಲೆಯೇ ಬಿಡುವಿಲ್ಲದೆ ಸ್ವರಗಳನ್ನು ಸುರಿಯುವ ವಾದಕನು ತಾನರಿಯದೆ ಆ ಪರಿಹಾಸಕ್ಕೆ ಪಾತ್ರನಾಗುತ್ತಾನೆ.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಜಾಝ್ ಕಲೆಯಲ್ಲಿ ಧಾಟಿಯು ಕೇವಲ ನಿಮಿತ್ತ. ಅದನ್ನೊಮ್ಮೆ ನುಡಿಸಿದಮೇಲೆ ಸ್ವರಮೇಳಗಳ ಚಕ್ರವನ್ನು ಮಾತ್ರ ಉಳಿಸಿಕೊಂಡು ಹೊಸ ಧಾಟಿಯನ್ನು ಕಟ್ಟುವುದೇ ವಾದಕನ ಸ್ವಾತಂತ್ರ್ಯ ಎನ್ನಬಹುದು. 1940ರ ದಶಕದ ಬೀಬಾಪ್ ವಾದಕರು ಹಳೆಯ ಹಾಡುಗಳ ಚಕ್ರಗಳ ಮೇಲೆ ಹೀಗೆಯೇ ಶ್ರೇಷ್ಠವಾದ ಕೃತಿಗಳನ್ನು ರಚಿಸಿದರು. ಈ ವಾದವು ಬಲವಾದುದೇ. ಆದರೆ ಪ್ರಕೃತ ಕೃತಿಯಲ್ಲಿ ರಸವಿರುವುದು ಧಾಟಿಯಲ್ಲಿಯೂ ಅಲ್ಲ, ಚಕ್ರದಲ್ಲಿಯೂ ಅಲ್ಲ, ಅವೆರಡರ ಸಂಬಂಧದಲ್ಲಿ. ಒಂದನ್ನು ಬಿಟ್ಟು ಮತ್ತೊಂದನ್ನು ಇಟ್ಟುಕೊಂಡರೆ ಉಳಿಯುವುದು ಇಳಿಯುವ ತಳಸ್ವರದ ಒಂದು ಸಾಮಾನ್ಯ ಚಕ್ರ ಮಾತ್ರ.

ಹಾಗಾದರೆ ವಾದಕನಿಗೆ ಅವಕಾಶವೆಲ್ಲಿ? ಮೊದಲನೆಯದಾಗಿ ಕಾಲದಲ್ಲಿ. ಜಿಲ್ಬೆರ್ಟೊನ ಗಿಟಾರಿನಲ್ಲಿ ಹೆಬ್ಬೆರಳು ತಳಸ್ವರವನ್ನು ಸಮನಾಗಿ ಮಿಡಿಯುತ್ತಿರಲು, ಉಳಿದ ಬೆರಳುಗಳು ಸ್ವರಮೇಳವನ್ನು ತಾಳದ ಪೆಟ್ಟಿಗೆ ಹಿಂದುಮುಂದಾಗಿ ಎತ್ತುತ್ತವೆ. ಪಿಯಾನೋ ವಾದಕನು ಈ ಬಗೆಯನ್ನು ಎಡಗೈಗೆ ತಂದುಕೊಂಡು, ಬಲಗೈಯಲ್ಲಿ ಅದೇ ಸ್ವರವನ್ನು ಬೇರೆಬೇರೆ ಎಡೆಗಳಲ್ಲಿ ಇರಿಸಬಹುದು. ಜಾಝಿನ ತೂಗುವ, ಅಸಮವಾದ ನಡೆಯನ್ನು ಮಾತ್ರ ಇಲ್ಲಿಗೆ ತರಬಾರದು. ಸಾಂಬಾದ ಅರ್ಧಮಾತ್ರೆಗಳು ಸಮಪ್ರಮಾಣದವು. ಎರಡನೆಯದಾಗಿ, ನಿಂತ ಸ್ವರವನ್ನು ಕೇಂದ್ರವಾಗಿಟ್ಟುಕೊಂಡು ಒಳಗಿನ ಸ್ವರಗಳನ್ನು ಚಲಿಸಬಹುದು. ಓಟವನ್ನು ನಡುವಣ ಭಾಗದವರೆಗೆ ಕಾಯ್ದಿರಿಸಿದರೆ ಅದಕ್ಕೂ ಅರ್ಥಬರುವುದು.

ಇದು ಬರಿಯ ಉಪದೇಶವಲ್ಲ; ಕೃತಿಕಾರನ ನಡತೆಯೇ ಪ್ರಮಾಣ. 1963ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿತವಾದ, ಈ ಕೃತಿಯೂ ಸೇರಿದ ತನ್ನ ವಾದ್ಯಸಂಪುಟದಲ್ಲಿ ಜೋಬಿಂ ಪಿಯಾನೋವನ್ನು ಬಹುಮಟ್ಟಿಗೆ ಒಂಟಿ ಸ್ವರಗಳಲ್ಲಿ, ವಿರಾಮಗಳನ್ನು ಧಾರಾಳವಾಗಿ ಬಿಟ್ಟು ನುಡಿಸಿದ್ದಾನೆ. ಕ್ಲೌಸ್ ಓಗರ್‌ಮನ್ ಸಂಯೋಜಿಸಿದ ವಾದ್ಯವೃಂದವು ಆ ವಿರಾಮಗಳ ಸುತ್ತ ಹಬ್ಬುತ್ತದೆ. ಇದನ್ನು ಕೈಚಳಕದ ಕೊರತೆಯೆಂದು ಬಗೆಯುವವನು ಧಾಟಿಯನ್ನು ಕೇಳಿಲ್ಲವೆಂದೇ ಹೇಳಬೇಕು.

ಮಿತವ್ಯಯದ ಹೆಸರಿನಲ್ಲಿ ಮೆಲ್ಲಗೆ ನುಡಿಸಿದ ಮಾತ್ರಕ್ಕೆ ಕೃತಾರ್ಥರೆಂದು ತಿಳಿಯುವವರೂ ಉಂಟು. ಭೋಜನಶಾಲೆಗಳಲ್ಲಿ ಈ ಧಾಟಿಗಳು ಹಿನ್ನೆಲೆಯ ಸದ್ದಾಗಿ ಇಳಿದಿರುವುದು ಅಂತಹವರಿಂದಲೇ. ಕೆಳಗೆ ನೆಲವು ಜಾರುತ್ತಿರುವುದನ್ನು ಅರಿಯದೆ ಹಿಡಿದ ಒಂದು ಸ್ವರವು ಜಡತೆ. ಅರಿತು ಹಿಡಿದದ್ದು ಧೈರ್ಯ. ಈ ಎರಡನ್ನು ಬೇರ್ಪಡಿಸುವುದೇ ಔಚಿತ್ಯಪ್ರಜ್ಞೆ. ಅದುಳ್ಳವನು ನೂರು ಸ್ವರಗಳನ್ನು ನುಡಿಸಿದರೂ ಕೃತಿಯು ಕೇಳಿಸುವುದು. ಅದಿಲ್ಲದವನು ಒಂದನ್ನೇ ನುಡಿಸಿದರೂ ಕೇಳಿಸದು.